ಅಲರ್ಜಿ, ಸ್ಟೀರಾಯ್ಡ್ ಮತ್ತು ಯಕೃತ್ತು: ಮನೆಮಂದಿಯೆಲ್ಲ ತಿಳಿದಿರಬೇಕಾದ ಸಂಗತಿ

ಸುಗ್ಗಿ ಬಂತೆಂದರೆ ಕಣದಲ್ಲಿ ರಾಶಿಯ ಧೂಳು. ಮಳೆ ಹಿಡಿಯಿತೆಂದರೆ ಗೋಡೆಯ ಮೇಲೆ ಬೂಷ್ಟು. ಹೊಲದ ಬದುವಿನಲ್ಲೂ ಊರ ಬಯಲಿನಲ್ಲೂ ಪಾರ್ಥೇನಿಯಂ ಎಂಬ ಕಾಂಗ್ರೆಸ್ ಗಿಡ. ಇವುಗಳ ನಡುವೆ ಬಾಳುವ ನಮ್ಮ ಕುಟುಂಬಗಳಲ್ಲಿ ಸೀನು, ತುರಿಕೆ, ದದ್ದು, ಉಬ್ಬಸಗಳಿಂದ ಬಳಲುವವರು ಒಬ್ಬರಾದರೂ ಇಲ್ಲದ ಮನೆ ಅಪರೂಪ. ಅಂಥವರ ಔಷಧದ ಚೀಟಿಯಲ್ಲಿ ಎಂದಾದರೊಂದು ದಿನ ‘ಸ್ಟೀರಾಯ್ಡ್’ ಎಂಬ ಹೆಸರು ಕಾಣಿಸಿಕೊಳ್ಳುತ್ತದೆ. ಆಗ ಎರಡು ಬಗೆಯ ವರ್ತನೆಯನ್ನು ಕಾಣುತ್ತೇವೆ. ಕೆಲವರು ಆ ಹೆಸರು ಕೇಳಿದೊಡನೆ ಬೆದರಿ, ಯಾರಿಗೂ ಹೇಳದೆ ಮಾತ್ರೆಯನ್ನು ನಿಲ್ಲಿಸಿಬಿಡುತ್ತಾರೆ. ಮತ್ತೆ ಕೆಲವರು ಅದರಿಂದ ದೊರೆತ ಸುಖಕ್ಕೆ ಮಾರುಹೋಗಿ, ಹಳೆಯ ಚೀಟಿಯನ್ನೇ ತೋರಿಸಿ ತಿಂಗಳುಗಟ್ಟಲೆ ನುಂಗುತ್ತಾರೆ. ಎರಡೂ ಅಪಾಯದ ದಾರಿಗಳೇ. ಈ ಅಪಾಯದ ಸ್ವರೂಪ ತಿಳಿಯಬೇಕಾದರೆ ಹೊಟ್ಟೆಯ ಬಲಭಾಗದಲ್ಲಿ ಪಕ್ಕೆಲುಬುಗಳ ಮರೆಯಲ್ಲಿ ಕುಳಿತು ಸದ್ದಿಲ್ಲದೆ ದುಡಿಯುವ ಯಕೃತ್ತಿನ ಕೆಲಸವನ್ನು ಸ್ವಲ್ಪ ಅರಿಯಬೇಕು.

ಅಲರ್ಜಿ ಎಂದರೇನು?

ಹೊರಗಿನಿಂದ ಬರುವ ರೋಗಾಣುಗಳನ್ನು ಎದುರಿಸಲು ನಿಸರ್ಗವು ನಮ್ಮ ದೇಹದೊಳಗೆ ಒಂದು ರಕ್ಷಣಾ ವ್ಯವಸ್ಥೆಯನ್ನು ಇರಿಸಿದೆ. ಈ ವ್ಯವಸ್ಥೆಯು ಕೆಲವರಲ್ಲಿ ಕೇಡಿಲ್ಲದ ಪರಾಗ, ಧೂಳು, ಆಹಾರ ಅಥವಾ ಔಷಧವನ್ನೂ ಶತ್ರುವೆಂದು ಬಗೆದು ಅತಿರೇಕದಿಂದ ವರ್ತಿಸುತ್ತದೆ. ಈ ಒಗ್ಗದಿಕೆಗೆ ೧೯೦೬ರಲ್ಲಿ ‘ಅಲರ್ಜಿ’ ಎಂಬ ಹೆಸರಿಟ್ಟವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಇದರ ಹಿಂದಿರುವ ಐಜಿಇ ಎಂಬ ಪ್ರತಿಕಾಯವನ್ನು ೧೯೬೦ರ ದಶಕದಲ್ಲಿ ಗುರುತಿಸಿದವರಲ್ಲಿ ಜಪಾನಿನ ಇಶಿಝಾಕಾ ದಂಪತಿಗಳು ಪ್ರಮುಖರು. ಈ ಪ್ರತಿಕಾಯವು ಮಾಸ್ಟ್ ಕೋಶಗಳೆಂಬ ಜೀವಕೋಶಗಳ ಮೇಲೆ ಹೊಂಚು ಹಾಕಿ ಕುಳಿತಿರುತ್ತದೆ. ಒಗ್ಗದ ವಸ್ತು ತಾಗಿದೊಡನೆ ಆ ಕೋಶಗಳಿಂದ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಹೊರಚೆಲ್ಲುತ್ತವೆ. ಮೂಗು ಸೋರುವುದು, ಚರ್ಮ ಕೆಂಪಗಾಗುವುದು, ಶ್ವಾಸನಾಳ ಬಿಗಿಯುವುದು ಇವುಗಳ ಪರಿಣಾಮವೇ. ಕಾಂಗ್ರೆಸ್ ಗಿಡದಿಂದ ಬರುವ ಚರ್ಮದ ಉರಿಯೂತವು ಮುಖ್ಯವಾಗಿ ಬೇರೊಂದು ಬಗೆಯದು. ಅಲ್ಲಿ ಬಿಳಿಯ ರಕ್ತಕಣಗಳಲ್ಲಿ ಒಂದು ಜಾತಿಯವು ನೇರವಾಗಿ ಭಾಗವಹಿಸುತ್ತವೆ. ಆದುದರಿಂದಲೇ ಅದು ಗಿಡ ತಾಗಿದ ಒಂದೆರಡು ದಿನಗಳ ಅನಂತರ ಉಲ್ಬಣಿಸುತ್ತದೆ.

ದೇಹದೊಳಗಿನ ಶಾಮಕ

ಬೆಂಕಿಯನ್ನು ಹೊತ್ತಿಸಬಲ್ಲ ದೇಹಕ್ಕೆ ಅದನ್ನು ಆರಿಸುವ ವಿದ್ಯೆಯೂ ಗೊತ್ತು. ಎರಡು ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಿಟ್ಟಂತೆ ಎರಡು ಪುಟ್ಟ ಗ್ರಂಥಿಗಳಿವೆ. ಇವೇ ಅಡ್ರಿನಲ್ ಗ್ರಂಥಿಗಳು. ಒಂದೊಂದರ ತೂಕ ನಾಲ್ಕೈದು ಗ್ರಾಂ ಮಾತ್ರ. ಇವುಗಳ ಹೊರಪದರವು ಕೊಲೆಸ್ಟರಾಲ್‌ನಿಂದ ಕಾರ್ಟಿಸಾಲ್ ಎಂಬ ಸ್ಟೀರಾಯ್ಡ್ ಹಾರ್ಮೋನನ್ನು ತಯಾರಿಸುತ್ತದೆ. ಆರೋಗ್ಯವಂತರಲ್ಲಿ ದಿನಕ್ಕೆ ಸುಮಾರು ೧೦ರಿಂದ ೨೦ ಮಿಲಿಗ್ರಾಂ ಕಾರ್ಟಿಸಾಲ್ ಉತ್ಪತ್ತಿಯಾಗುತ್ತದೆ. ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಕಾಯ್ದುಕೊಳ್ಳುವುದು, ಉರಿಯೂತವನ್ನು ಹದ್ದಿನಲ್ಲಿಡುವುದು ಇದರ ಮುಖ್ಯ ಕೆಲಸ. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಇದರ ಮೇಲ್ವಿಚಾರಕ. ರಕ್ತದಲ್ಲಿ ಕಾರ್ಟಿಸಾಲ್ ಕಡಿಮೆಯಾದರೆ ಆಜ್ಞೆ ಕಳಿಸುತ್ತದೆ, ಹೆಚ್ಚಾದರೆ ಸುಮ್ಮನಾಗುತ್ತದೆ.

ಸ್ಟೀರಾಯ್ಡ್ ಎಂಬುದು ಒಂದೇ ವಸ್ತುವಿನ ಹೆಸರಲ್ಲ, ಒಂದು ಕುಲದ ಹೆಸರು ಎಂಬುದನ್ನು ಇಲ್ಲಿ ನೆನಪಿಡಬೇಕು. ಗಂಡು ಹೆಣ್ಣಿನ ಲೈಂಗಿಕ ಹಾರ್ಮೋನುಗಳೂ ಇದೇ ಕುಲಕ್ಕೆ ಸೇರಿವೆ. ಕೆಲವು ಕ್ರೀಡಾಪಟುಗಳು ಮಾಂಸಖಂಡ ಬೆಳೆಸಲು ಕದ್ದು ಬಳಸಿ ಅಪಖ್ಯಾತಿಗೊಳಗಾಗುವ ಸ್ಟೀರಾಯ್ಡುಗಳೇ ಬೇರೆ, ಅಲರ್ಜಿಗೆ ವೈದ್ಯರು ಕೊಡುವ ಸ್ಟೀರಾಯ್ಡುಗಳೇ ಬೇರೆ.

ಕಾರ್ಟಿಸಾಲ್‌ಗೆ ದಿನದಲ್ಲಿ ಒಂದು ಏರಿಳಿತವಿದೆ. ಬೆಳಗಿನ ಹೊತ್ತು ಅದು ಅತಿ ಹೆಚ್ಚು. ನಡುರಾತ್ರಿಯ ಸುಮಾರಿಗೆ ಅತಿ ಕಡಿಮೆ. ಉಬ್ಬಸದ ರೋಗಿಗಳು ರಾತ್ರಿಯ ವೇಳೆ ಎದ್ದು ಕುಳಿತು ಏದುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು. ಸ್ಟೀರಾಯ್ಡ್ ಮಾತ್ರೆಯನ್ನು ಸಾಮಾನ್ಯವಾಗಿ ಬೆಳಿಗ್ಗೆ, ತಿಂಡಿಯ ಅನಂತರ ತೆಗೆದುಕೊಳ್ಳಲು ಹೇಳುವುದು ದೇಹದ ಈ ಲಯಕ್ಕೆ ಹೊಂದಲೆಂದೇ.

ಯಕೃತ್ತಿನ ಮೂರು ಕೆಲಸಗಳು

ಕಾರ್ಟಿಸಾಲ್ ಹುಟ್ಟುವುದು ಅಡ್ರಿನಲ್ ಗ್ರಂಥಿಯಲ್ಲಾದರೂ ಅದರ ಮುಂದಿನ ಬದುಕು ಬಹುಮಟ್ಟಿಗೆ ಯಕೃತ್ತಿನ ಕೈಯಲ್ಲಿದೆ. ಮೊದಲನೆಯದಾಗಿ, ಕಾರ್ಟಿಸಾಲನ್ನು ಹೊತ್ತು ತಿರುಗುವ ವಾಹಕ ಪ್ರೋಟೀನನ್ನು ತಯಾರಿಸುವುದು ಯಕೃತ್ತು. ರಕ್ತದಲ್ಲಿರುವ ಕಾರ್ಟಿಸಾಲ್‌ನ ಶೇಕಡ ೯೦ಕ್ಕೂ ಹೆಚ್ಚು ಭಾಗ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಬಿಡಿಯಾಗಿ ಉಳಿದ ಸ್ವಲ್ಪ ಭಾಗ ಮಾತ್ರ ಜೀವಕೋಶಗಳೊಳಗೆ ಹೋಗಿ ಕೆಲಸ ಮಾಡಬಲ್ಲದು. ಎರಡನೆಯದಾಗಿ, ಕಾರ್ಟಿಸೋನ್ ಎಂಬ ನಿಷ್ಕ್ರಿಯ ರೂಪವನ್ನು ಮತ್ತೆ ಕಾರ್ಟಿಸಾಲ್ ಆಗಿ ಮಾರ್ಪಡಿಸುವ ಕಿಣ್ವವು ಯಕೃತ್ತಿನಲ್ಲಿ ಹೇರಳವಾಗಿದೆ. ಮೂರನೆಯದಾಗಿ, ಕಾರ್ಟಿಸಾಲನ್ನು ಹಂತ ಹಂತವಾಗಿ ನಿಷ್ಕ್ರಿಯಗೊಳಿಸಿ, ಗ್ಲುಕುರಾನಿಕ್ ಆಮ್ಲದೊಡನೆ ಜೋಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ ಮೂತ್ರದ ಮೂಲಕ ಹೊರಹೋಗಲು ಸಿದ್ಧಪಡಿಸುವುದೂ ಯಕೃತ್ತೇ. ಈ ಕೆಲಸ ಎಷ್ಟು ಚುರುಕೆಂದರೆ, ರಕ್ತದಲ್ಲಿರುವ ಕಾರ್ಟಿಸಾಲ್‌ನ ಅರ್ಧಭಾಗ ಒಂದರಿಂದ ಒಂದೂವರೆ ಗಂಟೆಯೊಳಗೆ ಇಲ್ಲವಾಗಿರುತ್ತದೆ. ಹಾರ್ಮೋನಿಗೆ ವಾಹನ ಒದಗಿಸುವುದು, ಮಲಗಿದುದನ್ನು ಎಬ್ಬಿಸುವುದು, ಕೆಲಸ ಮುಗಿದುದನ್ನು ಬೀಳ್ಕೊಡುವುದು, ಈ ಮೂರೂ ಒಂದೇ ಅಂಗದ ಕಾಯಕ.

ಕಾಮಾಲೆಯಿಂದ ದೊರೆತ ಸುಳಿವು

ಸ್ಟೀರಾಯ್ಡ್ ಔಷಧದ ಕಥೆಯೇ ಯಕೃತ್ತಿನ ತೊಂದರೆಯೊಂದರಿಂದ ಆರಂಭವಾಯಿತೆಂಬುದು ಕುತೂಹಲದ ಸಂಗತಿ. ೧೯೨೯ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿದ್ದ ವೈದ್ಯ ಫಿಲಿಪ್ ಹೆಂಚ್ ಅವರು ಕೀಲುವಾತದ ಒಬ್ಬ ರೋಗಿಯನ್ನು ಗಮನಿಸಿದರು. ಆ ರೋಗಿಗೆ ಕಾಮಾಲೆ ಬಂದಾಗ ಕೀಲುನೋವು ವಿಚಿತ್ರ ರೀತಿಯಲ್ಲಿ ಇಳಿದುಹೋಗಿತ್ತು. ಗರ್ಭಿಣಿಯರಲ್ಲಿಯೂ ಇಂಥದೇ ಉಪಶಮನವನ್ನು ಅವರು ಕಂಡರು. ದೇಹದಲ್ಲಿ ಯಾವುದೋ ಶಾಮಕ ವಸ್ತು ಹೆಚ್ಚುತ್ತಿರಬೇಕೆಂದು ಊಹಿಸಿ ವರ್ಷಗಟ್ಟಲೆ ಹುಡುಕಿದರು. ಅದೇ ಸಂಸ್ಥೆಯ ರಸಾಯನ ವಿಜ್ಞಾನಿ ಎಡ್ವರ್ಡ್ ಕೆಂಡಾಲ್ ಅವರು ಅಡ್ರಿನಲ್ ಗ್ರಂಥಿಯಿಂದ ಬೇರ್ಪಡಿಸಿದ್ದ ವಸ್ತುವೊಂದನ್ನು ೧೯೪೮ರ ಸೆಪ್ಟೆಂಬರಿನಲ್ಲಿ ಕೀಲುವಾತದಿಂದ ನರಳುತ್ತಿದ್ದ ಮಹಿಳೆಯೊಬ್ಬರಿಗೆ ಚುಚ್ಚಲಾಯಿತು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದರು. ಆ ವಸ್ತುವೇ ಕಾರ್ಟಿಸೋನ್. ೧೯೫೦ರಲ್ಲಿ ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್‌ಲೆಂಡಿನ ಟಡಿಯಸ್ ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಕಾಮಾಲೆಯಲ್ಲಿ ರಕ್ತಕ್ಕೆ ಏರುವ ಪಿತ್ತಾಮ್ಲಗಳು ಕಾರ್ಟಿಸಾಲನ್ನು ಕರಗಿಸುವ ಕಿಣ್ವಗಳಿಗೆ ಅಡ್ಡಿಯೊಡ್ಡುತ್ತವೆಂದು ಅನಂತರದ ಪ್ರಯೋಗಗಳು ತೋರಿಸಿವೆ. ಹೆಂಚ್ ಅವರು ಕಂಡ ಸೋಜಿಗಕ್ಕೆ ಇದೂ ಒಂದು ವಿವರಣೆಯಾಗಬಹುದು. ಹಾಗೆಂದು ಕಾಮಾಲೆ ಒಳ್ಳೆಯದೆಂದು ಯಾರೂ ಭಾವಿಸದಿರಲಿ. ಯಕೃತ್ತು ಕೆಟ್ಟರೆ ಅದರೊಡನೆ ಕೆಡುವ ಕೆಲಸಗಳು ನೂರಾರು.

ಅಲರ್ಜಿಯಿಂದ ಯಕೃತ್ತಿನ ಮೇಲೇನು ಪರಿಣಾಮ?

ಸಾಮಾನ್ಯವಾದ ನೆಗಡಿ, ಸೀನು, ಅಲ್ಲೊಂದು ಇಲ್ಲೊಂದು ದದ್ದು ಇವುಗಳಿಂದ ಯಕೃತ್ತಿನ ಈ ಕೆಲಸಕ್ಕೆ ಹೇಳಿಕೊಳ್ಳುವಂಥ ತೊಂದರೆಯಾಗುವುದಿಲ್ಲ. ಅಲರ್ಜಿಯೆಲ್ಲ ಲಿವರ್ ಕೆಟ್ಟುದರ ಫಲವೆಂದು ಹೇಳಿ ಟಾನಿಕ್ಕು ಮಾರುವವರ ಮಾತಿಗೆ ಮರುಳಾಗಬೇಕಿಲ್ಲ. ಏನು ಸೇರಿದೆಯೆಂದು ಗೊತ್ತಿಲ್ಲದ ಇಂಥ ಔಷಧಗಳೇ ಯಕೃತ್ತಿಗೆ ಹಾನಿ ಮಾಡಿದ ನಿದರ್ಶನಗಳಿವೆ.

ಉರಿಯೂತವು ತೀವ್ರವಾದಾಗ ಮಾತ್ರ ಚಿತ್ರ ಬದಲಾಗುತ್ತದೆ. ಉರಿಯುವ ಅಂಗಾಂಶಗಳಿಂದ ಹೊರಟ ಸೈಟೊಕೈನ್ ಎಂಬ ರಾಸಾಯನಿಕ ದೂತರು ರಕ್ತದ ಮೂಲಕ ಯಕೃತ್ತನ್ನು ತಲಪುತ್ತಾರೆ. ಆಗ ಯಕೃತ್ತು ತನ್ನ ದೈನಂದಿನ ಕೆಲಸಗಳಲ್ಲಿ ಕೆಲವನ್ನು ತಗ್ಗಿಸಿ ತುರ್ತಿನ ಕೆಲಸಕ್ಕೆ ತೊಡಗುತ್ತದೆ. ಔಷಧಗಳನ್ನೂ ಹಾರ್ಮೋನುಗಳನ್ನೂ ಕರಗಿಸುವ ಹಲವು ಕಿಣ್ವಗಳ ಉತ್ಪಾದನೆ ಇಳಿಯುತ್ತದೆ. ಇತ್ತ ಉರಿಯೂತದ ಜಾಗದಲ್ಲಿ ಬಿಳಿಯ ರಕ್ತಕಣಗಳು ಸ್ರವಿಸುವ ಕಿಣ್ವವೊಂದು ಕಾರ್ಟಿಸಾಲ್‌ನ ವಾಹಕ ಪ್ರೋಟೀನನ್ನು ಕತ್ತರಿಸುತ್ತದೆ. ಹೊತ್ತು ತಂದ ಮೂಟೆಯನ್ನು ಬೇಕಾದ ಕಡೆಯಲ್ಲೇ ಇಳಿಸಿದಂತೆ ಕಾರ್ಟಿಸಾಲ್ ಅಲ್ಲಿಯೇ ಬಿಡುಗಡೆಯಾಗುತ್ತದೆ. ತೀವ್ರ ನಿಗಾ ಘಟಕದಲ್ಲಿದ್ದ ರೋಗಿಗಳನ್ನು ಕುರಿತು ಬೆಲ್ಜಿಯಂ ದೇಶದ ವೈದ್ಯರ ನೇತೃತ್ವದಲ್ಲಿ ನಡೆದ ಅಧ್ಯಯನವೊಂದು ೨೦೧೩ರಲ್ಲಿ ಪ್ರಕಟವಾಯಿತು. ಅಂಥ ರೋಗಿಗಳ ರಕ್ತದಲ್ಲಿ ಕಾರ್ಟಿಸಾಲ್ ಏರುವುದಕ್ಕೆ ಗ್ರಂಥಿಯ ಹೆಚ್ಚಿನ ದುಡಿಮೆಯಷ್ಟೇ ಕಾರಣವಲ್ಲ, ಅದನ್ನು ಕರಗಿಸುವ ಕೆಲಸ ನಿಧಾನವಾಗುವುದೂ ದೊಡ್ಡ ಕಾರಣವೆಂದು ಅದು ತೋರಿಸಿತು. ಸಂಕಟದ ಕಾಲದಲ್ಲಿ ಮನೆಯ ಹಿರಿಯರು ಕಣಜದ ಕಾಳನ್ನು ಹಿಡಿದು ಬಳಸುವಂತೆ, ದೇಹವೂ ತನ್ನ ಶಾಮಕವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಔಷಧವಾಗಿ ಬಂದ ಸ್ಟೀರಾಯ್ಡ್

ದೇಹದ ಕಾರ್ಟಿಸಾಲ್ ಸಾಲದಾದಾಗ ವೈದ್ಯರು ಪ್ರೆಡ್ನಿಸೊಲೋನ್ ಮೊದಲಾದ ಔಷಧಗಳನ್ನು ಕೊಡುತ್ತಾರೆ. ೫ ಮಿಲಿಗ್ರಾಂ ಪ್ರೆಡ್ನಿಸೊಲೋನ್ ಸುಮಾರು ೨೦ ಮಿಲಿಗ್ರಾಂ ಕಾರ್ಟಿಸಾಲ್‌ಗೆ ಸಮ. ಅಂದರೆ ಒಂದು ಪುಟ್ಟ ಮಾತ್ರೆಯಲ್ಲಿ ಗ್ರಂಥಿಯ ಇಡೀ ದಿನದ ದುಡಿಮೆ ಅಡಗಿದೆ. ಉಬ್ಬಸ ಉಲ್ಬಣಿಸಿದಾಗ ೪೦ ಮಿಲಿಗ್ರಾಂ ಕೊಟ್ಟರೆ ಅದು ಎಂಟು ದಿನಗಳ ದುಡಿಮೆಗೂ ಮಿಗಿಲು. ಕೆಲವು ದಿನಗಳ ಮಟ್ಟಿಗೆ ಇದು ಜೀವ ಉಳಿಸುವ ಔಷಧ. ತಿಂಗಳುಗಟ್ಟಲೆಯಾದರೆ ಇದೇ ಹೊರೆ.

ಉಬ್ಬಸಕ್ಕೆ ಸೇದುವ ಔಷಧ, ಅಂದರೆ ಇನ್‌ಹೇಲರ್, ಮಾತ್ರೆಗಿಂತ ಏಕೆ ಮೇಲು ಎಂಬುದಕ್ಕೂ ಯಕೃತ್ತೇ ಉತ್ತರ. ಸೇದಿದ ಔಷಧದಲ್ಲಿ ಒಂದು ಭಾಗ ಶ್ವಾಸಕೋಶಕ್ಕೆ ಹೋಗುತ್ತದೆ, ಉಳಿದುದು ಗಂಟಲಿನಲ್ಲಿ ಕುಳಿತು ಹೊಟ್ಟೆ ಸೇರುತ್ತದೆ. ಕರುಳಿನಿಂದ ಹೊರಟ ರಕ್ತ ಮೊದಲು ಯಕೃತ್ತಿನ ಹೊಸ್ತಿಲನ್ನು ದಾಟಬೇಕು. ಅಲ್ಲಿ ಬುಡೆಸೊನೈಡ್ ಎಂಬ ಔಷಧದ ಶೇಕಡ ೯೦ರಷ್ಟು, ಫ್ಲುಟಿಕಾಸೋನ್ ಎಂಬುದರ ಬಹುಪಾಲು ನಾಶವಾಗುತ್ತದೆ. ಹೀಗಾಗಿ ಉಳಿದ ದೇಹಕ್ಕೆ ತಾಗುವ ಪ್ರಮಾಣ ಅತ್ಯಲ್ಪ. ‘ಸೇದುವ ಔಷಧ ಚಟವಾಗುತ್ತದೆ’ ಎಂಬ ತಪ್ಪು ತಿಳಿವಳಿಕೆಯಿಂದ ಮಕ್ಕಳಿಗೆ ಇನ್‌ಹೇಲರ್ ತಪ್ಪಿಸಿ ಮಾತ್ರೆ ನುಂಗಿಸುವುದು ಕೊಡಲಿಗೆ ಹೆದರಿ ಗರಗಸಕ್ಕೆ ಕೊರಳೊಡ್ಡಿದಂತೆ. ಸೇದಿದ ಅನಂತರ ಬಾಯಿ ಮುಕ್ಕಳಿಸಿ ಉಗುಳಬೇಕು. ಬಾಯಲ್ಲಿ ಬೂಷ್ಟು ರೋಗ ಬರದಿರಲು ಇದು ಅಗತ್ಯ.

ಒಂದು ಔಷಧಕ್ಕೆ ಇನ್ನೊಂದರ ಅಡ್ಡಿ

ಸ್ಟೀರಾಯ್ಡುಗಳನ್ನು ಕರಗಿಸುವ ಯಕೃತ್ತಿನ ಕಿಣ್ವಗಳು ಬೇರೆ ಔಷಧಗಳ ಪ್ರಭಾವಕ್ಕೂ ಒಳಗಾಗುತ್ತವೆ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಈ ಕಿಣ್ವಗಳನ್ನು ಹುರಿದುಂಬಿಸುತ್ತದೆ. ಆಗ ಪ್ರೆಡ್ನಿಸೊಲೋನ್ ಬೇಗ ಕರಗಿ, ಅದರ ಪ್ರಭಾವ ಅರ್ಧದಷ್ಟು ಕುಂದುವುದುಂಟು. ಹತೋಟಿಯಲ್ಲಿದ್ದ ಉಬ್ಬಸ ಮತ್ತೆ ಕೆರಳಬಹುದು. ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಾಜೆಪಿನ್ ಮಾತ್ರೆಗಳೂ ಇದೇ ಗುಂಪಿನವು. ಇದಕ್ಕೆ ತದ್ವಿರುದ್ಧವಾಗಿ, ಹುಳುಕಡ್ಡಿಗೆ ಕೊಡುವ ಇಟ್ರಾಕೊನಜೋಲ್ ಮತ್ತು ಎಚ್‌ಐವಿ ಚಿಕಿತ್ಸೆಯ ರಿಟೊನಾವಿರ್ ಆ ಕಿಣ್ವಗಳನ್ನು ತಡೆಯುತ್ತವೆ. ಆಗ ಸೇದುವ ಔಷಧದ ಅಲ್ಪ ಪ್ರಮಾಣವೂ ರಕ್ತದಲ್ಲಿ ಶೇಖರವಾಗಿ ಮುಖ ಊದುವುದು, ಸಕ್ಕರೆ ಏರುವುದು ಸಂಭವಿಸಬಹುದು. ಯಕೃತ್ತಿನ ರೋಗವಿದ್ದವರಲ್ಲಿಯೂ ಔಷಧ ನಿಧಾನವಾಗಿ ಕರಗುವುದರಿಂದ ವೈದ್ಯರು ಪ್ರಮಾಣವನ್ನು ಎಚ್ಚರದಿಂದ ನಿರ್ಧರಿಸುತ್ತಾರೆ.

ನಮ್ಮ ಅಜ್ಜಿಯರ ಔಷಧದ ಡಬ್ಬಿಯಲ್ಲಿದ್ದ ಜ್ಯೇಷ್ಠಮಧುವಿಗೂ ಈ ಕಥೆಯಲ್ಲಿ ಪಾಲಿದೆ. ಮೂತ್ರಪಿಂಡದಲ್ಲಿ ಕಾರ್ಟಿಸಾಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ಜ್ಯೇಷ್ಠಮಧುವಿನ ಸತ್ವವು ತಡೆಯುತ್ತದೆ. ಕೆಮ್ಮಿಗೆಂದು ಎಂದಾದರೊಮ್ಮೆ ಒಂದು ಚೂರು ಬಾಯಲ್ಲಿಟ್ಟುಕೊಂಡರೆ ಸಾಮಾನ್ಯವಾಗಿ ಬಾಧಕವಿಲ್ಲ. ಆದರೆ ವಾರಗಟ್ಟಲೆ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರಿ, ಪೊಟ್ಯಾಸಿಯಂ ಇಳಿದು, ಸ್ನಾಯುಗಳು ಸೋಲುತ್ತವೆ. ರಕ್ತದೊತ್ತಡವಿದ್ದವರೂ ಸ್ಟೀರಾಯ್ಡ್ ಸೇವಿಸುವವರೂ ಇದರಿಂದ ದೂರವಿರುವುದು ಕ್ಷೇಮ.

ಮಲಗಿದ ಗ್ರಂಥಿ

ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಪಿಟ್ಯುಟರಿ ಗ್ರಂಥಿಯು ಆಜ್ಞೆ ಕಳಿಸುವುದನ್ನು ನಿಲ್ಲಿಸುತ್ತದೆ. ಆಜ್ಞೆಯಿಲ್ಲದ ಅಡ್ರಿನಲ್ ಗ್ರಂಥಿಗಳು ಕ್ರಮೇಣ ಕುಗ್ಗಿ ಮಲಗುತ್ತವೆ. ಮೂರು ನಾಲ್ಕು ವಾರಗಳಿಗಿಂತ ಹೆಚ್ಚು ಕಾಲ ಮಾತ್ರೆ ಸೇವಿಸಿದವರಲ್ಲಿ ಈ ಸ್ಥಿತಿಯನ್ನು ನಿರೀಕ್ಷಿಸಬೇಕು. ಇಂಥವರು ಒಂದು ದಿನ ಇದ್ದಕ್ಕಿದ್ದಂತೆ ಮಾತ್ರೆ ಬಿಟ್ಟರೆ ಏನಾಗುತ್ತದೆ? ಯಕೃತ್ತು ಎಂದಿನಂತೆ ಇದ್ದ ಸ್ಟೀರಾಯ್ಡನ್ನು ಕರಗಿಸಿ ಹೊರಹಾಕುತ್ತದೆ; ಹೊಸದನ್ನು ತಯಾರಿಸುವವರಿಲ್ಲ. ಖರ್ಚು ನಿಲ್ಲದ ಮನೆಯಲ್ಲಿ ಆದಾಯ ನಿಂತಂತೆ. ವಿಪರೀತ ಸುಸ್ತು, ವಾಂತಿ, ಹೊಟ್ಟೆನೋವು, ತಲೆತಿರುಗು, ರಕ್ತದೊತ್ತಡದ ಕುಸಿತ ಕಾಣಿಸಿಕೊಂಡು ಪ್ರಾಣಕ್ಕೇ ಸಂಚಕಾರ ಬರಬಹುದು. ಜ್ವರ, ಅಪಘಾತ, ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಂತೂ ಅಪಾಯ ಇಮ್ಮಡಿ. ಆದುದರಿಂದಲೇ ವೈದ್ಯರು ಪ್ರಮಾಣವನ್ನು ಮೆಟ್ಟಿಲಿಳಿದಂತೆ ಇಳಿಸುತ್ತಾರೆ. ಮಲಗಿದ ಗ್ರಂಥಿ ಪೂರ್ತಿ ಎಚ್ಚರಗೊಳ್ಳಲು ಕೆಲವರಲ್ಲಿ ಹಲವು ತಿಂಗಳುಗಳೇ ಬೇಕಾಗುತ್ತವೆ.

ತಾನು ಸ್ಟೀರಾಯ್ಡ್ ಸೇವಿಸುತ್ತಿರುವುದೇ ಗೊತ್ತಿಲ್ಲದವರ ಸ್ಥಿತಿ ಇನ್ನೂ ಕರುಣಾಜನಕ. ಸಂತೆಯಲ್ಲಿ, ಹಳ್ಳಿಯ ದಾರಿಯಲ್ಲಿ ‘ದಮ್ಮಿಗೆ ರಾಮಬಾಣ’, ‘ಕೀಲುನೋವಿಗೆ ಸಿದ್ಧೌಷಧ’ ಎಂದು ಮಾರುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸುವ ಪಿಡುಗು ನಮ್ಮ ದೇಶದಲ್ಲಿ ಹಲವು ಬಾರಿ ಬಯಲಾಗಿದೆ. ಎರಡೇ ದಿನದಲ್ಲಿ ಪವಾಡದಂತೆ ಗುಣವಾದರೆ, ಹಸಿವೆ ಹೆಚ್ಚಿ ಮುಖ ದುಂಡಗಾದರೆ ಸಂಶಯಪಡಬೇಕು. ದೀರ್ಘಕಾಲ ಸೇವಿಸಿದರೆ ಸಿಹಿಮೂತ್ರ, ಮೂಳೆ ಸವೆತ, ಕಣ್ಣಿನ ಪೊರೆ ಬರುತ್ತವೆ. ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ. ೨೦೨೧ರ ಕೋವಿಡ್ ಅಲೆಯಲ್ಲಿ ಕರ್ನಾಟಕವೂ ಸೇರಿದಂತೆ ದೇಶದ ಹಲವೆಡೆ ಕಾಣಿಸಿಕೊಂಡ ಕಪ್ಪು ಶಿಲೀಂಧ್ರ ರೋಗಕ್ಕೆ ಹತೋಟಿಯಿಲ್ಲದ ಸಿಹಿಮೂತ್ರದೊಡನೆ ಸ್ಟೀರಾಯ್ಡಿನ ಅತಿಬಳಕೆಯೂ ಕಾರಣವಾಗಿತ್ತೆಂಬುದನ್ನು ಮರೆಯಲಾಗದು.

ಮುಲಾಮುಗಳ ವಿಷಯದಲ್ಲೂ ಎಚ್ಚರ ಬೇಕು. ಮುಖ ಬೆಳ್ಳಗಾಗಲೆಂದು, ತುರಿಕೆ ನಿಲ್ಲಲೆಂದು ಸ್ಟೀರಾಯ್ಡ್ ಮುಲಾಮನ್ನು ಪೌಡರಿನಂತೆ ಹಚ್ಚುವವರಿದ್ದಾರೆ. ಇದರಿಂದ ಚರ್ಮ ತೆಳುವಾಗಿ ಕೆಂಪೇರುತ್ತದೆ; ಹುಳುಕಡ್ಡಿಗೆ ಹಚ್ಚಿದರೆ ಅದು ಮರೆಯಲ್ಲೇ ಹರಡುತ್ತದೆ. ವೈದ್ಯರ ಚೀಟಿಯಿಲ್ಲದೆ ಇಂಥ ಮುಲಾಮುಗಳನ್ನು ಮಾರಬಾರದೆಂದು ಕೇಂದ್ರ ಸರ್ಕಾರವು ೨೦೧೮ರಲ್ಲಿ ನಿಯಮವನ್ನು ಬಿಗಿಗೊಳಿಸಿತು.

ಮನೆಯವರ ಹೊಣೆ

ಸ್ಟೀರಾಯ್ಡ್ ಸೇವಿಸುವವರು ಮನೆಯಲ್ಲಿದ್ದರೆ ಔಷಧದ ಹೆಸರು, ಪ್ರಮಾಣ, ಆರಂಭಿಸಿದ ದಿನಾಂಕಗಳನ್ನು ಒಂದು ಚೀಟಿಯಲ್ಲಿ ಬರೆದು ಅವರ ಕಿಸೆಯಲ್ಲಿಯೂ ಮನೆಯ ಎಲ್ಲರಿಗೂ ಕಾಣುವ ಜಾಗದಲ್ಲಿಯೂ ಇರಿಸಬೇಕು. ಯಾವ ವೈದ್ಯರ ಬಳಿ ಹೋದರೂ, 'ಹಲ್ಲು ಕೀಳಿಸಲು' ಹೋದರೂ ಸಹ, ಅದನ್ನು ತೋರಿಸಬೇಕು. ಯಾತ್ರೆಗೋ ಮದುವೆಗೋ ಹೊರಟಾಗ ಮಾತ್ರೆ ಮುಗಿಯದಂತೆ ನೋಡಿಕೊಳ್ಳಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ, ಜೋರು ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಜೇನುನೊಣದ ಕಡಿತ, ಆಹಾರ ಅಥವಾ ಚುಚ್ಚುಮದ್ದಿನ ಅನಂತರ ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ, ಕಣ್ಣು ಕತ್ತಲಿಟ್ಟರೆ ಅದು ಅನಾಫಿಲಾಕ್ಸಿಸ್ ಎಂಬ ಮಾರಕ ಅಲರ್ಜಿ. ಆಗ ಮೊದಲು ಬೇಕಾದುದು ಸ್ಟೀರಾಯ್ಡ್ ಅಲ್ಲ, ತೊಡೆಯ ಸ್ನಾಯುವಿಗೆ ಚುಚ್ಚುವ ಅಡ್ರಿನಲಿನ್. ಸ್ಟೀರಾಯ್ಡ್ ಕೆಲಸ ಆರಂಭಿಸಲು ಗಂಟೆಗಳೇ ಬೇಕು. ಅಡ್ರಿನಲಿನ್‌ಗೆ ನಿಮಿಷಗಳು ಸಾಕು. ಮನೆಯಲ್ಲಿ ಮಾತ್ರೆ ಹುಡುಕುತ್ತ ಕೂರದೆ ರೋಗಿಯನ್ನು ಮಲಗಿಸಿಕೊಂಡು, ಉಸಿರು ಕಷ್ಟವಾದರೆ ಒರಗಿ ಕೂರಿಸಿಕೊಂಡು, ಒಡನೆಯೇ ಆಸ್ಪತ್ರೆಗೆ ಧಾವಿಸಬೇಕು.

ಸ್ಟೀರಾಯ್ಡ್ ಅಮೃತವೂ ಅಲ್ಲ, ವಿಷವೂ ಅಲ್ಲ. ನಮ್ಮ ಗ್ರಂಥಿಗಳು ದಿನವೂ ಅಳೆದು ತಯಾರಿಸುವ, ನಮ್ಮ ಯಕೃತ್ತು ದಿನವೂ ಅಳೆದು ಕರಗಿಸುವ ವಸ್ತುವಿನ ಬಂಧು ಅದು. ದೇಹವೇ ಅಷ್ಟು ಲೆಕ್ಕವಿಟ್ಟು ಬಳಸುವುದನ್ನು ನಾವು ಲೆಕ್ಕವಿಲ್ಲದೆ ಬಳಸಬಾರದು, ಲೆಕ್ಕ ತಪ್ಪಿಸಿ ನಿಲ್ಲಿಸಲೂಬಾರದು. ಈ ಒಂದು ಮಾತನ್ನು ಓದುಗ ಬಂಧುಗಳು ತಮ್ಮ ಮನೆಯ ಹಿರಿಯರಿಗೂ ನೆರೆಹೊರೆಯವರಿಗೂ ತಿಳಿಯಹೇಳಿದರೆ ಎಷ್ಟೋ ಜೀವಗಳು ಉಳಿದಾವು.